ಬಿಡಿ ಹೆಸರಿಲ್ಲದ ಪ್ರಶಸ್ತಿ: ಮಹಿಳಾ ಎಂಜಿನಿಯರುಗಳ ಸಂಘದ ಎಪ್ಪತ್ತೈದು ವರ್ಷ

1950ರ ಮೇ ತಿಂಗಳ ಕೊನೆಯ ಶನಿವಾರ, 27ನೇ ತಾರೀಖು. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕೂಪರ್ ಯೂನಿಯನ್ ಕಾಲೇಜಿಗೆ ಸೇರಿದ ಗ್ರೀನ್ ಎಂಜಿನಿಯರಿಂಗ್ ಕ್ಯಾಂಪಿನಲ್ಲಿ ಐವತ್ತು ಅರವತ್ತು ಮಂದಿ ಹೆಂಗಸರು ಕೂಡಿದರು. ಎಲ್ಲರೂ ಎಂಜಿನಿಯರುಗಳು, ಇಲ್ಲವೇ ಎಂಜಿನಿಯರಿಂಗ್ ಓದುತ್ತಿದ್ದವರು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್, ವಾಷಿಂಗ್ಟನ್ ಕಡೆಗಳಲ್ಲಿ ಅಷ್ಟು ಹೊತ್ತಿಗಾಗಲೇ ತಮ್ಮ ಪಾಡಿಗೆ ಸಭೆ ಸೇರುತ್ತಿದ್ದ ಸಣ್ಣ ಗುಂಪುಗಳಿಂದ ಬಂದವರು. ಆ ಗುಂಪುಗಳೆಲ್ಲ ಒಂದಾಗಿ 'ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್' ಹುಟ್ಟಿತು. ಸದಸ್ಯೆಯರ ಬಾಯಲ್ಲಿ ಅದು 'ಸ್ವೀ'. ಬಿಯಾಟ್ರಿಸ್ ಹಿಕ್ಸ್ ಮೊದಲ ಅಧ್ಯಕ್ಷೆಯಾದರು.

ಈ ಕ್ರಮ ಮುಖ್ಯ. ಮೇಲೆ ಒಂದು ಕೇಂದ್ರ ಕಚೇರಿ ತೆರೆದು, ಅಲ್ಲಿಂದ ಊರೂರಿಗೆ ಶಾಖೆ ಹಂಚಿದ ಸಂಘ ಇದಲ್ಲ. ಊರಿನ ಗುಂಪುಗಳು ಮೊದಲು ಬಂದವು, ರಾಷ್ಟ್ರೀಯ ಸಂಘ ಆಮೇಲೆ ಬಂತು. ಹಾಗಾಗಿ ಎಪ್ಪತ್ತೈದು ವರ್ಷದ ಈ ಚರಿತ್ರೆಯನ್ನು ಅಧ್ಯಕ್ಷೆಯರ ಪಟ್ಟಿ ಹಿಡಿದು ಹೇಳುವುದಕ್ಕಿಂತ ಶಾಖೆಗಳ ಕಡೆಯಿಂದ, ಅದರಲ್ಲೂ ಸಂಘ ತನ್ನ ಶಾಖೆಗಳಿಗೆ ಕೊಡುವ ಪ್ರಶಸ್ತಿಗಳ ಕಡೆಯಿಂದ ಹೇಳಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ವ್ಯಕ್ತಿಗೆ ಸಂದ ಪ್ರಶಸ್ತಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಗುಂಪಿಗೆ ಸಂದ ಪ್ರಶಸ್ತಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ಸಂಘವನ್ನು ಹೊತ್ತು ನಡೆಸಿದವರು ಆ ಗುಂಪುಗಳವರೇ.

ಕಥೆಯ ಬೇರು 1950ಕ್ಕಿಂತ ಹಿಂದಕ್ಕೆ ಹೋಗುತ್ತದೆ. 1919ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೂ ಆಲ್ಟಾ ಮೆಲ್ಟನ್, ಹಿಲ್ಡಾ ಕೌಂಟ್ಸ್, ಎಲ್ಸಿ ಈವ್ಸ್ ಎಂಬ ಮೂವರು ಸೇರಿ ಮಹಿಳಾ ಎಂಜಿನಿಯರುಗಳಿಗೂ ವಾಸ್ತುಶಿಲ್ಪಿಗಳಿಗೂ ಒಂದು ಸಂಘ ಕಟ್ಟಲು ಹೊರಟರು. ದೇಶದ ಎಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಕಾಗದ ಬರೆದರು: ನಿಮ್ಮಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದಾರೆಯೇ, ಓದಿ ಹೋದವರಿದ್ದರೆ ಅವರ ವಿಳಾಸ ಕೊಡುತ್ತೀರಾ? ಕೆಲವು ಕಡೆಯಿಂದ ಹೆಸರುಗಳು ಬಂದವು, ಪ್ರೋತ್ಸಾಹದ ಮಾತೂ ಬಂತು. ಇನ್ನು ಕೆಲವು ಕಡೆಯಿಂದ, ನಮ್ಮಲ್ಲಿ ಹೆಂಗಸರು ಇಲ್ಲ, ಹಿಂದೆಯೂ ಇರಲಿಲ್ಲ, ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ ಎಂಬ ಕಡ್ಡಿಮುರಿದ ಉತ್ತರ ಬಂತು. ಆ ಸಂಘ ಕಾಲೇಜಿನ ಅಂಗಳ ದಾಟಿ ಬೆಳೆಯಲಿಲ್ಲ.

ಆದರೆ ಆ ಕಾಗದಗಳು ಕಸಕ್ಕೆ ಹೋಗಲಿಲ್ಲ. ದಶಕಗಟ್ಟಲೆ ಜೋಪಾನವಾಗಿ ಉಳಿದು ಕಡೆಗೆ ಸ್ವೀ ಸಂಘದ ಕೈ ಸೇರಿದವು. 1919ರಲ್ಲಿ ಉತ್ತರ ಬರೆದಿದ್ದ ಹಲವು ಹೆಂಗಸರು ಮೂವತ್ತು ವರ್ಷದ ನಂತರ ಸ್ವೀ ಸದಸ್ಯೆಯರಾದರು ಎಂಬುದು ಇವತ್ತು ನಮಗೆ ಗೊತ್ತಿರುವುದು ಆ ಕಟ್ಟಿನಿಂದಲೇ. ಸಂಘ ಕೂಡ ಈ ವಿಷಯದಲ್ಲಿ ಎಚ್ಚರ ವಹಿಸಿತು. ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ ತನ್ನ ದಾಖಲೆಗಳನ್ನು ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಏರ್ಪಾಡು ಮಾಡಿಕೊಂಡಿತು. ಸಂಘಕ್ಕೆ ಸ್ವಂತದ್ದೊಂದು ಸರಿಯಾದ ಕಚೇರಿ ಸಿಕ್ಕಿದ್ದು 1961ರಲ್ಲಿ, ನ್ಯೂಯಾರ್ಕಿನ ಯುನೈಟೆಡ್ ಎಂಜಿನಿಯರಿಂಗ್ ಸೆಂಟರಿನಲ್ಲಿ. ಅಂದರೆ ಕೂರುವ ಜಾಗಕ್ಕಿಂತ ಮುಂಚೆ ಅವರು ಕಾಗದ ಇಡುವ ಜಾಗ ನೋಡಿಕೊಂಡಿದ್ದರು. ನನಗೆ ಈ ಸಂಘದ ಮೇಲೆ ಗೌರವ ಹುಟ್ಟಿದ್ದು ಈ ಒಂದು ವಿಷಯದಿಂದ.

1919ಕ್ಕೂ 1950ಕ್ಕೂ ನಡುವೆ ಎರಡನೇ ಮಹಾಯುದ್ಧ ಬಂತು. ಗಂಡಸರು ರಣರಂಗಕ್ಕೆ ಹೋದಾಗ ವಿಮಾನ ಕಾರ್ಖಾನೆಗಳಲ್ಲಿ ಎಂಜಿನಿಯರುಗಳ ಅಭಾವವಾಯಿತು. ಕರ್ಟಿಸ್-ರೈಟ್ ಕಂಪನಿ 1943ರಲ್ಲಿ ಏಳು ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರಿಗೆ ಹತ್ತು ತಿಂಗಳ ತರಬೇತಿ ಕೊಟ್ಟು ನೇರವಾಗಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂರಿಸಿತು. ಬಿಯಾಟ್ರಿಸ್ ಹಿಕ್ಸ್ ಕೂಡ 1942ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯನ್ನು ಅದರ ಮೊದಲ ಮಹಿಳಾ ಎಂಜಿನಿಯರಾಗಿ ಸೇರಿದ್ದರು. ಅನಿಲದ ಸಾಂದ್ರತೆ ಅಳೆದು ಕೆಲಸ ಮಾಡುವ ಅವರ ಸ್ವಿಚ್ಚು ಮುಂದೆ ಅಮೆರಿಕದ ಬಾಹ್ಯಾಕಾಶ ಯೋಜನೆಯಲ್ಲಿ ಬಳಕೆಗೆ ಬಂತು. ಯುದ್ಧ ಮುಗಿದು ಗಂಡಸರು ವಾಪಸಾದಾಗ ಅದೇ ಹೆಂಗಸರಿಗೆ ಬಾಗಿಲು ಮುಚ್ಚತೊಡಗಿತು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ಕಾಲೇಜಿನಲ್ಲಿ, ನ್ಯೂಯಾರ್ಕಿನ ಕಾಲೇಜುಗಳಲ್ಲಿ ಹುಡುಗಿಯರು ಗುಂಪು ಕಟ್ಟಿಕೊಂಡಿದ್ದು ಆ ಹೊತ್ತಿನಲ್ಲಿ. ಕೆಲಸ ಎಲ್ಲಿದೆ, ಯಾವ ಕಂಪನಿ ಹೆಂಗಸರನ್ನು ತೆಗೆದುಕೊಳ್ಳುತ್ತದೆ, ಸಂದರ್ಶನದಲ್ಲಿ ಮದುವೆಯ ಬಗ್ಗೆ ಕೇಳಿದರೆ ಏನು ಹೇಳಬೇಕು: ಇಂಥ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ, ಪಕ್ಕದಲ್ಲಿ ಕೂತವಳ ಹತ್ತಿರ ಸಿಗುತ್ತಿತ್ತು.

ಮನ್ನಣೆಯ ಪ್ರಶ್ನೆ ಆ ಕಾಲದ ಹೆಂಗಸರಿಗೆ ಎಷ್ಟು ಹತ್ತಿರದ್ದಾಗಿತ್ತು ಎಂಬುದಕ್ಕೆ ಒಂದು ಚಿಕ್ಕ ವಸ್ತುವನ್ನು ನೋಡಬೇಕು. ಟೌ ಬೀಟಾ ಪೈ ಎಂಬುದು ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅತ್ಯಂತ ಪ್ರತಿಷ್ಠಿತ ಗೌರವ ಸಂಘ. ತರಗತಿಯಲ್ಲಿ ಮೇಲಿನ ಸ್ಥಾನ ಪಡೆದವರನ್ನು ಅದು ಸದಸ್ಯರನ್ನಾಗಿ ಆರಿಸಿಕೊಳ್ಳುತ್ತಿತ್ತು. ಆ ಸ್ಥಾನ ಹುಡುಗಿಗೆ ಬಂದರೆ? ಅವಳಿಗೆ ಸದಸ್ಯತ್ವ ಇಲ್ಲ. ಅದರ ಬದಲು 'ಮಹಿಳಾ ಬ್ಯಾಡ್ಜು' ಎಂಬ ಬೇರೆಯೇ ಒಂದು ಪದಕ. ಅಂಕ ಅದೇ, ಪರೀಕ್ಷೆ ಅದೇ, ಆದರೆ ಸಭೆಯಲ್ಲಿ ಕುರ್ಚಿ ಇಲ್ಲ, ಮತ ಇಲ್ಲ. 1930ರ ದಶಕದಲ್ಲಿ ಶುರುವಾದ ಈ ಪದ್ಧತಿ ನಡೆದದ್ದು 1960ರ ದಶಕದ ಕೊನೆಯವರೆಗೆ. ಅದಕ್ಕೂ ಹಿಂದೆ, 1916ರಲ್ಲಿ, ಸಿವಿಲ್ ಎಂಜಿನಿಯರ್ ನೋರಾ ಸ್ಟಾಂಟನ್ ತನಗೆ ಪೂರ್ಣ ಸದಸ್ಯತ್ವ ಕೊಡದ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಮೇಲೆ ದಾವೆ ಹೂಡಿ ಸೋತಿದ್ದರು. ಟೌ ಬೀಟಾ ಪೈ ಕೊಟ್ಟ ಆ ಬ್ಯಾಡ್ಜನ್ನು ಕೋಟಿಗೆ ಸಿಕ್ಕಿಸಿಕೊಂಡ ಹುಡುಗಿಯ ಮನಸ್ಸಿನಲ್ಲಿ ಹೆಮ್ಮೆಯ ಜೊತೆಗೆ ಏನಿತ್ತು ಎಂದು ಊಹಿಸುವುದು ಕಷ್ಟವಲ್ಲ. ಹೊರಗೆ ನಿಲ್ಲಿಸಿ ಕೊಟ್ಟ ಗೌರವ ಅದು.

ಹಾಗಾಗಿ ಸ್ವೀ ಹುಟ್ಟಿದ ಎರಡೇ ವರ್ಷಕ್ಕೆ ತನ್ನದೇ ಪ್ರಶಸ್ತಿ ಸ್ಥಾಪಿಸಿದ್ದು ಆಶ್ಚರ್ಯವಲ್ಲ. 1952ರ ಮೊದಲ 'ಅಚೀವ್‌ಮೆಂಟ್ ಅವಾರ್ಡ್' ಸೌರಶಕ್ತಿಯಿಂದ ಮನೆ ಬೆಚ್ಚಗಿಡುವ ಪ್ರಯೋಗ ಮಾಡಿದ್ದ ಮರಿಯಾ ಟೆಲ್ಕೆಸ್ ಅವರಿಗೆ ಸಂದಿತು. 1954ರಲ್ಲಿ ವಿದ್ಯುತ್ ಜಾಲದ ಲೆಕ್ಕಾಚಾರದಲ್ಲಿ ದೊಡ್ಡ ಹೆಸರಾದ ಎಡಿತ್ ಕ್ಲಾರ್ಕ್, 1964ರಲ್ಲಿ ಕಂಪ್ಯೂಟರ್ ಭಾಷೆಗಳ ಗ್ರೇಸ್ ಹಾಪರ್. ಎಂಜಿನಿಯರಿಂಗ್‌ನಲ್ಲಿ ಹೆಂಗಸರು ಏನು ಸಾಧಿಸಿದ್ದಾರೆ ಎಂದು ಕೇಳಿದವರ ಮುಂದಿಡಲು ಈ ಪಟ್ಟಿ ಬೇಕಿತ್ತು. ಅದರ ಕೆಲಸವನ್ನು ಅದು ಮಾಡಿತು.

ಆದರೆ ಟೆಲ್ಕೆಸ್ ಹೆಸರು ಓದಿದ ಹದಿನೇಳರ ಹುಡುಗಿ ಕಾಲೇಜಿಗೆ ಅರ್ಜಿ ಹಾಕಬೇಕಾದರೆ, ಅವಳ ಊರಿನ ಹೈಸ್ಕೂಲಿಗೆ ಹೋಗಿ ಮಾತಾಡುವವರು ಯಾರೋ ಬೇಕು. ಶುಲ್ಕಕ್ಕೆ ನೆರವಾಗುವ ವಿದ್ಯಾರ್ಥಿವೇತನ ಬೇಕು. ಸ್ವೀ 1950ರ ದಶಕದಲ್ಲೇ ಎಂಜಿನಿಯರ್ ಲಿಲಿಯನ್ ಗಿಲ್‌ಬ್ರೆತ್ ಹೆಸರಿನಲ್ಲಿ ಅದನ್ನು ಶುರುಮಾಡಿತು. ಸೇರಿದ ಮೇಲೆ ಇಡೀ ಕ್ಲಾಸಿನಲ್ಲಿ ಒಬ್ಬಳೇ ಆಗಿ ಕೂತಾಗ ಸಂಜೆ ಹೋಗಿ ಸೇರಲು ನಾಲ್ಕು ಜನ ಬೇಕು. ಇದೆಲ್ಲ ಶಾಖೆಗಳ ಕೆಲಸ. ಸಂಜೆ ಆಫೀಸು ಮುಗಿಸಿ, ಮನೆಯಲ್ಲಿ ಅಡುಗೆ ಇಟ್ಟು ಬಂದು, ಸಂಬಳವಿಲ್ಲದೆ ಮಾಡಿದ ಕೆಲಸ.

ಇಲ್ಲಿ ಯಿವಾನ್ ಯಂಗ್ ಕ್ಲಾರ್ಕ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಹೋವರ್ಡ್ ವಿಶ್ವವಿದ್ಯಾಲಯದಿಂದ 1951ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಮೊದಲ ಮಹಿಳೆ, ಕಪ್ಪು ಜನಾಂಗದವರು, ಸ್ವೀ ಸಂಘದ ಬಹು ಹಳೆಯ ಸದಸ್ಯೆ. 1957ರಲ್ಲಿ ಸಂಘದ ವಾರ್ಷಿಕ ಸಮಾವೇಶ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ನಡೆಯಿತು. ಬಣ್ಣದ ಕಾರಣಕ್ಕೆ ಹೋಟೆಲಿನವರು ಅವರ ಪ್ರವೇಶಕ್ಕೆ ತಕರಾರು ತೆಗೆದರು. ತಾವು ಕೂಡ ಹೊರಗೆ ನಿಂತು ಅಭ್ಯಾಸವಿದ್ದ ಹೆಂಗಸರು ಆ ಅವಮಾನವನ್ನು ನುಂಗಿಕೊಂಡು ಸುಮ್ಮನಾಗಲಿಲ್ಲ. ವರ್ಣಭೇದ ಪಾಲಿಸುವ ದಕ್ಷಿಣದ ಊರುಗಳಿಂದ ಸಂಘ ತನ್ನ ಸಮಾವೇಶಗಳನ್ನು ದೂರವಿಟ್ಟಿತು. ಇವತ್ತು ಶಾಖೆಗಳ ಪ್ರಶಸ್ತಿಯಲ್ಲಿ 'ಎಲ್ಲರನ್ನೂ ಒಳಗೊಳ್ಳುವುದು' ಎಂಬ ಅಂಶಕ್ಕೆ ಇಷ್ಟು ತೂಕ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಹ್ಯೂಸ್ಟನ್ನಿನ ಆ ಹೋಟೆಲಿನ ಬಾಗಿಲನ್ನು ತೋರಿಸುತ್ತೇನೆ.

1972ರಲ್ಲಿ ಸರ್ಕಾರಿ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದ ಮೇಲೆ ಚಿತ್ರ ಬದಲಾಯಿತು. 1970ರ ಸುಮಾರಿಗೆ ಅಲ್ಲಿ ಎಂಜಿನಿಯರಿಂಗ್ ಪದವಿ ಪಡೆಯುವವರಲ್ಲಿ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ; 1980ರ ದಶಕದ ನಡುವಿನ ಹೊತ್ತಿಗೆ ನೂರಕ್ಕೆ ಹದಿನೈದರ ಹತ್ತಿರ ಬಂದಿದ್ದರು. ಕಾಲೇಜು ಕಾಲೇಜಿನಲ್ಲಿ ವಿದ್ಯಾರ್ಥಿ ಘಟಕಗಳು ತಲೆಯೆತ್ತಿದವು. 1976ರಲ್ಲಿ ಸ್ವೀ ಗಂಡಸರಿಗೂ ಸದಸ್ಯತ್ವ ತೆರೆಯಿತು. ಇಷ್ಟು ಘಟಕಗಳಾದ ಮೇಲೆ ಯಾವುದು ಜೀವಂತವಾಗಿದೆ, ಯಾವುದು ಹೆಸರಿಗೆ ಮಾತ್ರ ಇದೆ, ಯಾರಿಂದ ಯಾರು ಕಲಿಯಬಹುದು ಎಂದು ನೋಡುವ ದಾರಿ ಬೇಕಾಯಿತು. ಉತ್ತಮ ಶಾಖೆ, ಉತ್ತಮ ವಿದ್ಯಾರ್ಥಿ ಘಟಕ ಎಂಬ ಪ್ರಶಸ್ತಿಗಳು ಹೀಗೆ ಬೆಳೆದವು. ಇತ್ತೀಚಿನ ವರ್ಷಗಳಲ್ಲಿ ಅವು 'ಮಿಷನ್ ಅವಾರ್ಡ್ಸ್' ಎಂಬ ಒಂದೇ ಚೌಕಟ್ಟಿಗೆ ಬಂದಿವೆ. ಚಿನ್ನ, ಬೆಳ್ಳಿ, ಕಂಚು ಎಂದು ಮೂರು ಮಟ್ಟ. ಅದರ ಜೊತೆಗೆ ಯಾವುದಾದರೂ ಒಂದು ಕೆಲಸವನ್ನು ಬೇರೆಯವರೂ ಅನುಸರಿಸುವಷ್ಟು ಚೆನ್ನಾಗಿ ಮಾಡಿದ ಗುಂಪಿಗೆ 'ಬೆಸ್ಟ್ ಪ್ರಾಕ್ಟೀಸ್' ಗೌರವ. ನೌಕರಿಯಲ್ಲಿರುವವರ ಶಾಖೆಗಳಿಗೂ ವಿದ್ಯಾರ್ಥಿ ಘಟಕಗಳಿಗೂ ಅಮೆರಿಕದ ಹೊರಗಿನ ಗುಂಪುಗಳಿಗೂ ಬಾಗಿಲು ತೆರೆದಿದೆ.

ಇದರ ನಡೆಯನ್ನು ಹತ್ತಿರದಿಂದ ನೋಡಿದರೆ ನನಗೆ ಇಷ್ಟವಾಗುವ ಸಂಗತಿ ಒಂದಿದೆ. ಚಿನ್ನ ಒಂದೇ ಗುಂಪಿಗೆ ಅಂತ ಇಲ್ಲ. ಒಂದೇ ವರ್ಷ ಎಷ್ಟೋ ಶಾಖೆಗಳಿಗೆ ಚಿನ್ನ ಬರುತ್ತದೆ. ಒಬ್ಬರನ್ನು ಕೆಳಗಿಳಿಸಿ ಇನ್ನೊಬ್ಬರು ಮೇಲೇರುವ ಪಂದ್ಯ ಇದಲ್ಲ, ಗೆರೆ ದಾಟಿದವರೆಲ್ಲ ಗೆದ್ದವರು. ಸಂಘವೇ ಗುಂಪುಗಳ ಕೂಟವಾಗಿರುವಾಗ ಗುಂಪುಗಳ ನಡುವೆ ಹಗೆ ಹುಟ್ಟಿಸುವ ಪ್ರಶಸ್ತಿ ಸಂಘಕ್ಕೇ ಕೇಡು. ಈ ವಿವೇಕ ನಮ್ಮ ಎಷ್ಟೋ ಸಂಘಗಳ ವಾರ್ಷಿಕೋತ್ಸವಗಳಿಗೆ ಇನ್ನೂ ಬರಬೇಕಾಗಿದೆ.

ಇನ್ನು ಈ ಪ್ರಶಸ್ತಿಗೆ ಹಾಕುವ ಅರ್ಜಿ. ಒಂದು ಶಾಖೆ ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ: ಶನಿವಾರ ಬೆಳಿಗ್ಗೆ ಹೈಸ್ಕೂಲು ಹುಡುಗಿಯರಿಗೆ ಎಂಜಿನಿಯರಿಂಗ್ ಪರಿಚಯ. ಮೇಜಿಗೆ ನಾಲ್ಕು ಜನ. ಪ್ರತಿ ಮೇಜಿಗೂ ಬೇಯಿಸದ ಸ್ಪಗೆಟಿ ಕಡ್ಡಿಯ ಕಟ್ಟು, ಗಜದುದ್ದ ಟೇಪು, ಸ್ವಲ್ಪ ದಾರ, ಒಂದು ಮಾರ್ಷ್‌ಮ್ಯಾಲೊ ಮಿಠಾಯಿ. ಹದಿನೆಂಟು ನಿಮಿಷದಲ್ಲಿ ಆದಷ್ಟು ಎತ್ತರದ ಗೋಪುರ ಕಟ್ಟಿ ತುದಿಗೆ ಮಿಠಾಯಿ ಸಿಕ್ಕಿಸಿ ನಿಲ್ಲಿಸಬೇಕು. ಮೊದಲ ಸಲ ಬಹಳಷ್ಟು ಗೋಪುರ ಬೀಳುತ್ತವೆ, ಯಾಕೆಂದರೆ ಮಿಠಾಯಿ ಹಗುರ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಕೊನೆಯ ನಿಮಿಷದಲ್ಲಿ ಇಟ್ಟಾಗ ಕಡ್ಡಿ ಬಾಗುತ್ತದೆ. ಬುಡ ಅಗಲ ಮಾಡು, ತ್ರಿಕೋನ ಕಟ್ಟು, ಭಾರವನ್ನು ಮೊದಲೇ ಇಟ್ಟು ನೋಡು ಎಂದು ಪಕ್ಕದಲ್ಲಿ ನಿಂತ ಎಂಜಿನಿಯರ್ ಅಕ್ಕ ಹೇಳಿಕೊಡುತ್ತಾಳೆ. ಹುಡುಗಿಯರಿಗೆ ಕಾಣುವುದು ಇಷ್ಟು. ಕಾಣದಿರುವುದು: ಸಭಾಂಗಣ ಕಾದಿರಿಸಿದವರು, ತಂದೆತಾಯಿಯರ ಒಪ್ಪಿಗೆ ಪತ್ರ ಸಂಗ್ರಹಿಸಿದವರು, ಸ್ಪಗೆಟಿಯ ರಸೀದಿಯನ್ನು ಖಜಾಂಚಿಗೆ ಕೊಟ್ಟು ಲೆಕ್ಕ ಒಪ್ಪಿಸಿದವರು, ಮುಗಿದ ಮೇಲೆ ನೆಲಕ್ಕೆ ಅಂಟಿದ ಟೇಪನ್ನು ಕೆರೆದು ತೆಗೆದವರು.

ವೈಯಕ್ತಿಕ ಪ್ರಶಸ್ತಿಯ ಅರ್ಜಿಯಲ್ಲಿ ಇವರಿಗೆ ಜಾಗವಿಲ್ಲ. ಶಾಖೆಯ ಅರ್ಜಿಯಲ್ಲಿ ಇದೆ. ಈ ಕಾರ್ಯಕ್ರಮದ ಗುರಿ ಏನಿತ್ತು, ಸಂಘದ ಯಾವ ಧ್ಯೇಯಕ್ಕೆ ಅದು ಸೇರುತ್ತದೆ, ಯಾರು ಬಂದರು, ಏನು ಬದಲಾಯಿತು, ಮುಂದಿನ ಸಲ ಏನನ್ನು ತಿದ್ದುತ್ತೀರಿ ಎಂದು ಬರೆಯಬೇಕಾಗುತ್ತದೆ. ಅದನ್ನು ಬರೆಯಲು ಪದಾಧಿಕಾರಿಗಳೆಲ್ಲ ಕೂತು ವರ್ಷವಿಡೀ ನಡೆದದ್ದನ್ನು ಹರಡಿಕೊಂಡು ನೋಡಬೇಕು. ನನ್ನ ದೃಷ್ಟಿಯಲ್ಲಿ ಪದಕಕ್ಕಿಂತ ಬೆಲೆಯುಳ್ಳದ್ದು ಆ ಕೂಟ. ವಿದ್ಯಾರ್ಥಿ ಘಟಕದಲ್ಲಿ ಇದು ಇನ್ನೂ ನಿಜ: ಅಲ್ಲಿ ಅಧ್ಯಕ್ಷೆ ಒಂದೇ ವರ್ಷ ಇರುತ್ತಾಳೆ, ಆಮೇಲೆ ಪದವಿ ಮುಗಿಸಿ ಹೊರಟುಬಿಡುತ್ತಾಳೆ. ಹೊಸಬಳ ಕೈಗೆ ಬರುವುದು ಒಂದು ಇಮೇಲ್ ಪಾಸ್‌ವರ್ಡು, ಅರ್ಧ ಡಬ್ಬ ಹಳೆಯ ಬ್ಯಾನರು. ಅರ್ಜಿಯ ಪ್ರತಿ ಇದ್ದರೆ ಅವಳಿಗೆ ಹಿಂದಿನ ವರ್ಷದ ಅನುಭವವೆಲ್ಲ ಸಿಗುತ್ತದೆ.

ಆಕ್ಷೇಪಗಳು ಇಲ್ಲದಿಲ್ಲ. ಕಾಗದ ತುಂಬುವ ಕೆಲಸವೇ ಸೇವೆಯನ್ನು ನುಂಗುತ್ತದೆ, ಅಂದವಾಗಿ ಬರೆಯಬಲ್ಲ ಶಾಖೆಗೆ ಚಿನ್ನ ಬಂದು ಅಂದವಾಗಿ ದುಡಿದ ಶಾಖೆಗೆ ಏನೂ ಬರದೆ ಹೋಗುತ್ತದೆ ಎಂಬ ದೂರು ಇಂಥ ಪ್ರಶಸ್ತಿಗಳು ಇರುವಲ್ಲೆಲ್ಲ ಇದೆ. ದೊಡ್ಡ ನಗರದ, ದೊಡ್ಡ ಕಂಪನಿಗಳ ಬೆಂಬಲವಿರುವ ಶಾಖೆಯನ್ನೂ ಹತ್ತು ಜನ ಸದಸ್ಯೆಯರ ಸಣ್ಣ ಊರಿನ ಗುಂಪನ್ನೂ ಒಂದೇ ಅಳತೆಯಲ್ಲಿ ಅಳೆಯಬಹುದೇ? ಈ ದೂರಿನಲ್ಲಿ ಹುರುಳಿದೆ. ಹಾಗಿದ್ದೂ ನಾನು ಅರ್ಜಿಯ ಪರ. ಬರೆಯಲು ಬಾರದ ಶಾಖೆಗೆ ಬರೆಯಲು ಕಲಿಸಬೇಕು, ಸಣ್ಣ ಶಾಖೆಯನ್ನು ಅದರ ಹಿಂದಿನ ವರ್ಷದ ಜೊತೆ ಹೋಲಿಸಿ ನೋಡಬೇಕು. ಬರೆಯುವುದನ್ನೇ ಬಿಟ್ಟರೆ 1919ರ ಕಾಗದಗಳಂಥ ಆಸ್ತಿ ಮುಂದಿನವರಿಗೆ ಎಲ್ಲಿಂದ ಬಂದೀತು?

ನಮ್ಮ ಕಡೆಯ ಕಥೆಗೆ ಬರುತ್ತೇನೆ. 1964ರ ಜೂನಿನಲ್ಲಿ ಸ್ವೀ ಮುಂದೆ ನಿಂತು ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಹತ್ತಾರು ದೇಶಗಳಿಂದ ನೂರಾರು ಮಂದಿ ಬಂದರು. ಅವರಲ್ಲಿ ಕಲ್ಕತ್ತೆಯಿಂದ ಹೋದ ಎ. ಲಲಿತಾ ಒಬ್ಬರು. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವೈಧವ್ಯ, ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಆ ಸ್ಥಿತಿಯಿಂದ ಎದ್ದು ಮದರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1943ರಲ್ಲಿ ಮುಗಿಸಿದವರು. ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರುಗಳ ಕೆಲಸದಲ್ಲಿ ಅವರ ಕೈ ಇತ್ತು. ಭಾರತದಲ್ಲಿ ಆಗ ಮಹಿಳಾ ಎಂಜಿನಿಯರುಗಳ ಸಂಘ ಇಲ್ಲದ್ದರಿಂದ ಅವರು ಯಾರ ಪ್ರತಿನಿಧಿಯಾಗಿಯೂ ಅಲ್ಲ, ತಮ್ಮ ಸ್ವಂತ ನೆಲೆಯಲ್ಲಿ ಹೋದರು. ಮರುವರ್ಷ ಲಂಡನ್ನಿನ ವಿಮೆನ್ಸ್ ಎಂಜಿನಿಯರಿಂಗ್ ಸೊಸೈಟಿಯ ಸದಸ್ಯೆಯಾದರು, 1967ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಎರಡನೇ ಸಮ್ಮೇಳನಕ್ಕೆ ಭಾರತದ ಕಡೆಯ ಜವಾಬ್ದಾರಿ ಹೊತ್ತರು. ಅಷ್ಟು ದೊಡ್ಡ ದೇಶದಿಂದ ಹೋದವರ ಬೆನ್ನಿಗೆ ಒಂದು ಗುಂಪು ಇರಲಿಲ್ಲ.

ಅದಕ್ಕೆ ಮೊದಲೇ, ಸ್ವೀ ಹುಟ್ಟಿದ 1950ರಲ್ಲಿ, ನಮ್ಮ ರಾಜೇಶ್ವರಿ ಚಟರ್ಜಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಬೆಂಗಳೂರಿಗೆ ಬಂದು, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಮೈಕ್ರೊವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ಮೂರು ದಶಕ ಸಂಶೋಧನೆ ನಡೆಸಿದರು. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ ಮಹಿಳಾ ಅಧ್ಯಯನದ ಸಂಘಟನೆಯಲ್ಲಿ ದುಡಿದರು.

ಈಗ ಸ್ವೀ ಸದಸ್ಯೆಯರ ಸಂಖ್ಯೆ 40,000 ದಾಟಿದೆ, ಕೇಂದ್ರ ಕಚೇರಿ ಷಿಕಾಗೊದಲ್ಲಿದೆ, ಪುಣೆಯಲ್ಲೂ ಬೆಂಗಳೂರಿನಲ್ಲೂ ಅದರ ಗುಂಪುಗಳಿವೆ. 'ವೀ ಲೋಕಲ್' ಹೆಸರಿನ ಪ್ರಾದೇಶಿಕ ಸಮ್ಮೇಳನಗಳು ಇಲ್ಲಿಯೂ ನಡೆದಿವೆ. ಇಲ್ಲಿನ ಗುಂಪುಗಳು ಪ್ರಶಸ್ತಿಗೆ ಅರ್ಜಿ ಹಾಕುವಾಗ ಒಂದು ಮಾತು ನೆನಪಿಡಬೇಕು. ಅಮೆರಿಕದಲ್ಲಿ ಇವತ್ತಿಗೂ ಎಂಜಿನಿಯರಿಂಗ್ ಪದವೀಧರರಲ್ಲಿ ಹೆಂಗಸರು ಕಾಲುಭಾಗ ಮುಟ್ಟಿಲ್ಲ, ಹಾಗಾಗಿ ಹುಡುಗಿಯರನ್ನು ಕಾಲೇಜಿಗೆ ಕರೆತರುವುದೇ ಅಲ್ಲಿನ ದೊಡ್ಡ ಚಿಂತೆ. ನಮ್ಮಲ್ಲಿ ಕಾಲೇಜಿಗೆ ಬರುವ ಹುಡುಗಿಯರ ಪ್ರಮಾಣ ಅದಕ್ಕಿಂತ ಹೆಚ್ಚು. ನಮ್ಮ ಸೋರಿಕೆ ಆಮೇಲಿನದು: ಮದುವೆ, ವರ್ಗಾವಣೆ, ಮೊದಲ ಮಗು, ವಯಸ್ಸಾದ ಅತ್ತೆಮಾವ, ರಾತ್ರಿ ಪಾಳಿಯ ಕ್ಯಾಬು. ಐದು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬರಲು ಹೊರಟ ಎಂಜಿನಿಯರಿಗೆ ಮೊದಲ ಮೂರು ತಿಂಗಳು ಜೊತೆ ನಿಂತ ಗುಂಪು ಚಿನ್ನಕ್ಕೆ ಯೋಗ್ಯ. ಅದನ್ನು ಅಳೆಯುವ ಖಾನೆ ಅರ್ಜಿಯಲ್ಲಿ ಇಲ್ಲದಿದ್ದರೆ, ಇಲ್ಲಿನವರೇ ಕೇಂದ್ರಕ್ಕೆ ಬರೆದು ಖಾನೆ ಮಾಡಿಸಿಕೊಳ್ಳಬೇಕು. ಗುಂಪುಗಳಿಂದ ಹುಟ್ಟಿದ ಸಂಘ ಗುಂಪುಗಳ ಮಾತು ಕೇಳದೆ ಇರಲಾರದು.

ಕನ್ನಡ ಮಾಧ್ಯಮದ ಹೈಸ್ಕೂಲುಗಳಿಗೆ ಹೋಗಿ, ಟಾರ್ಕ್ ಅಂದರೇನು, ಸರ್ಕ್ಯೂಟ್ ಅಂದರೇನು ಎಂದು ಕನ್ನಡದಲ್ಲೇ ವಿವರಿಸಿ ಬರುವ ನಮ್ಮ ಹೆಣ್ಣುಮಕ್ಕಳ ಕೆಲಸದ ವರದಿ ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ, ಅದು ಹೋಗಿ ಸೇರುವುದು ಷಿಕಾಗೊಕ್ಕೆ. ಅದರ ಒಂದು ಪ್ರತಿಯನ್ನು ಕನ್ನಡದಲ್ಲೂ ಬರೆದು, ಫೋಟೊಗಳ ಹಿಂದೆ ತಾರೀಖು ಮತ್ತು ಶಾಲೆಯ ಹೆಸರು ಹಾಕಿ, ಆ ಊರಿನ ಶಾಲೆಯಲ್ಲೇ ಒಂದು, ಇಲ್ಲಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಇಡಬೇಕೆಂದು ಬೆಂಗಳೂರಿನ ಗುಂಪುಗಳ ಪದಾಧಿಕಾರಿಗಳನ್ನು ಈ ಸಂಚಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಈ ವರ್ಷದ ಅರ್ಜಿಯಿಂದಲೇ ಶುರುಮಾಡಬಹುದು. ಕನ್ನಡದ ಪ್ರತಿ ತಿದ್ದಿಕೊಡುವ ಕೆಲಸ ನನಗಿರಲಿ.